ಕೊಪ್ಪಳ ಸೀಮೆಯಲ್ಲಿ ಪಕ್ಷಿ ನಡವಳಿಕೆಯ ವೀಕ್ಷಣೆ ಮತ್ತು ದಾಖಲೆ

ಕಾಡುಹಕ್ಕಿಯನ್ನು ಹಿಡಿಯದೆ, ಕೊಲ್ಲದೆ, ಇದ್ದಲ್ಲೇ ಇರಗೊಟ್ಟು ಅದರ ಮೇವು, ಜಗಳ, ಜೋಡಿಯಾಟ, ಗೂಡು, ಮರಿಸಾಕಣೆ, ವಲಸೆಗಳನ್ನು ನೋಡಿ, ದಿನ, ಹೊತ್ತು, ಜಾಗಗಳ ಸಮೇತ ಬರೆದಿಡುವ ಅಧ್ಯಯನಕ್ರಮ. ಹಕ್ಕಿಗಳ ಪಟ್ಟಿ ಮಾಡುವುದಕ್ಕೂ ಇದಕ್ಕೂ ನಂಟಿದೆಯಾದರೂ ಎರಡೂ ಒಂದೇ ಅಲ್ಲ. ಪಟ್ಟಿಯಿಂದ ಊರಿನಲ್ಲಿ ಯಾವ ಹಕ್ಕಿ ಇದೆಯೆಂದು ತಿಳಿಯುತ್ತದೆ. ಆ ಹಕ್ಕಿ ಅಲ್ಲಿ ಏನು ಮಾಡಿಕೊಂಡಿದೆ ಎಂಬುದು ನಡವಳಿಕೆಯ ಟಿಪ್ಪಣಿಯಿಂದ ಮಾತ್ರ ತಿಳಿಯುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಹಳೆಯ ತಾಲ್ಲೂಕುಗಳ ಸೀಮೆ (ಕನಕಗಿರಿ, ಕಾರಟಗಿ, ಕುಕನೂರು ಇವುಗಳಿಂದಲೇ ಆಮೇಲೆ ಒಡೆದವು) ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದ ನೆಲ. ಒಂದೇ ಜಿಲ್ಲೆಯೊಳಗೆ ಕಾಲುವೆ ನೀರಿನ ಭತ್ತದ ಗದ್ದೆ, ಮಳೆಯನ್ನೇ ನಂಬಿದ ಎರಿ (ಕಪ್ಪು ಮಣ್ಣಿನ) ಹೊಲ ಮತ್ತು ಮಸಾರಿ (ಕೆಂಪು ಮಣ್ಣಿನ) ಹೊಲ, ಬೋಳು ಬಂಡೆಗುಡ್ಡ, ಹೊಳೆ, ಹಿನ್ನೀರು ಎಲ್ಲವೂ ಸಿಗುತ್ತವೆ. ಒಂದೇ ಜಾತಿಯ ಹಕ್ಕಿ ಬೇರೆ ಬೇರೆ ನೆಲದಲ್ಲಿ ಹೇಗೆ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂಬುದನ್ನು ಸೈಕಲ್ ಮೇಲೆ ತಿರುಗಾಡಿಯೇ ನೋಡಬಹುದು.

ಹಿನ್ನೆಲೆ

ನಡವಳಿಕೆಯನ್ನು ಬರೆದಿಡುವ ಕ್ರಮ ಶಿಸ್ತಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹಕ್ಕಿಗಳ ಬಗ್ಗೆ ಗೆಳೆಯರಿಗೆ ಬರೆದ ಪತ್ರಗಳು 1789ರಲ್ಲಿ ಪುಸ್ತಕವಾದವು. ಕೋವಿ ಹಿಡಿದು ಹಕ್ಕಿಯ ಚರ್ಮ ಕೂಡಿಡುವುದೇ ಪಕ್ಷಿಶಾಸ್ತ್ರ ಎನಿಸಿದ್ದ ಕಾಲದಲ್ಲಿ, 1901ರಲ್ಲಿ, ಎಡ್ಮಂಡ್ ಸೆಲೂಸ್ ಕೋವಿ ಬಿಟ್ಟು ದುರ್ಬೀನು ಹಿಡಿಯಿರಿ ಎಂದು ವಾದಿಸಿದ. ಜೂಲಿಯನ್ ಹಕ್ಸ್‌ಲಿ ಟ್ರಿಂಗ್ ಜಲಾಶಯದಲ್ಲಿ ಜುಟ್ಟಿನ ಗುಳುಮುಳುಕಗಳ ಜೋಡಿಯಾಟ ನೋಡಿ 1914ರಲ್ಲಿ ಪ್ರಕಟಿಸಿದ ಬರಹ, ಕಾಲಿಗೆ ಬಣ್ಣದ ಉಂಗುರ ತೊಡಿಸಿ ಒಂದೊಂದು ಹಕ್ಕಿಯನ್ನೂ ಗುರುತು ಹಿಡಿದ ಡೇವಿಡ್ ಲ್ಯಾಕ್‌ನ ರಾಬಿನ್ ಅಧ್ಯಯನ (1943), ಕಡಲಹಕ್ಕಿಗಳ ಬಗ್ಗೆ ನಿಕೊ ಟಿನ್‌ಬರ್ಗೆನ್‌ನ ಪುಸ್ತಕ (1953) ಇವು ಮುಂದಿನ ಮೈಲಿಗಲ್ಲುಗಳು. ಟಿನ್‌ಬರ್ಗೆನ್‌ಗೆ 1973ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ತಾಳ್ಮೆಯಿಂದ ಕುಳಿತು ನೋಡುವುದನ್ನೂ ವಿಜ್ಞಾನವೆಂದು ಜಗತ್ತು ಆಗ ಪೂರ್ತಿ ಒಪ್ಪಿಕೊಂಡಿತೆನ್ನಬೇಕು.

ಈ ನಾಲ್ಕು ತಾಲ್ಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಸಲೀಂ ಅಲಿ 1931–32ರಲ್ಲಿ ನಡೆಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಅದು ಕಂತುಗಳಾಗಿ ಬಂತು. ಅದೇ ಸಲೀಂ ಅಲಿ ಅದಕ್ಕೆ ತುಸು ಮೊದಲು ಗೀಜಗದ ಗೂಡಿನ ಬಗ್ಗೆ ಬರೆದ ಲೇಖನ ಈ ಸೀಮೆಗೆ ಇನ್ನೂ ಹೆಚ್ಚು ಹತ್ತಿರದ್ದು. ಅದರ ವಿಚಾರ ಮುಂದೆ ಬರುತ್ತದೆ.

ಬ್ರಿಟನ್‌ನಿಂದ ಬಂದು 1961ರಲ್ಲಿ ಭಾರತದ ಪೌರತ್ವ ಪಡೆದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1959ರಲ್ಲಿ ಅದೇ ಪತ್ರಿಕೆಯಲ್ಲಿ ಹಕ್ಕಿಗಳ ಅಹಿಂಸಾತ್ಮಕ ಅಧ್ಯಯನದ ಬಗ್ಗೆ ಒಂದು ಲೇಖನ ಬರೆದರು. ದುಬಾರಿ ಯಂತ್ರವಿಲ್ಲದೆ, ಕಣ್ಣು, ಗಡಿಯಾರ, ಎಣಿಕೆ ಇಷ್ಟರಿಂದಲೇ ಗಟ್ಟಿ ವಿಜ್ಞಾನ ಮಾಡಬಹುದೆಂಬುದು ಅವರ ನಿಲುವು. ಅವರ ಪತ್ನಿ ಹೆಲನ್ ಸ್ಪರ್ವೇ ಮತ್ತು ಜೊತೆಗಾರ ಎಸ್.ಡಿ. ಜಯಕರ್ ಹಳದಿ ಟಿಟ್ಟಿಭದ ಮೇಲೆ 1965 ಮತ್ತು 1968ರಲ್ಲಿ ಪ್ರಕಟಿಸಿದ ಬರಹಗಳು ಆ ಮಾತಿಗೆ ಪುರಾವೆ. ಅಹಿಂಸೆಯ ಮಾತಿಗೆ ನೆನಪಾಗುವವನು ಅಶೋಕ; ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅವನ ಶಾಸನಗಳಿವೆ. ಗಿಣಿ, ಗೊರವಂಕ, ಚಕ್ರವಾಕಗಳನ್ನು ಕೊಲ್ಲಬಾರದೆಂಬ ಪಟ್ಟಿ ಇರುವುದು ಅವನ ಐದನೆಯ ಸ್ತಂಭಶಾಸನದಲ್ಲಿ, ಇಲ್ಲಿನವು ಕಿರು ಬಂಡೆಶಾಸನಗಳು. ಪ್ರವಾಸಿಗರಿಗೆ ಕಥೆ ಹೇಳುವವರು ಇವೆರಡನ್ನೂ ಬೆರೆಸಿಬಿಡುವುದುಂಟು.

ಭತ್ತದ ಸೀಮೆ: ಗೀಜಗ

ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿಗಳ ಚಹರೆಯೇ ಬದಲಾಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಬೆಳ್ಳಕ್ಕಿ, ಕೊಳಬಕ, ಕರಿತಲೆಯ ಕೆಂಬರಲು, ರಾಟವಾಳದಂಥ ಪುಟ್ಟ ಕಾಳುಹಕ್ಕಿಗಳು ಮೈಲಿಗಟ್ಟಲೆ ಹರಡಿದವು. ಗದ್ದೆ ಉಳುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಸಾಲು ಯಾರ ಕಣ್ಣಿಗೂ ಬೀಳುವಂಥದು. ಹೊಸಬರು ಟಿಪ್ಪಣಿ ಶುರುಮಾಡಲು ಅದಕ್ಕಿಂತ ಸುಲಭದ ಪಾಠವಿಲ್ಲ. ಗಾಲಿಯ ಹಿಂದೆ ನಡೆವ ಹಕ್ಕಿ ನಿಮಿಷಕ್ಕೆ ಎಷ್ಟು ಸಲ ಕೊಕ್ಕು ಹಾಕುತ್ತದೆ, ಬದುವಿನ ಮೇಲೆ ಒಂಟಿಯಾಗಿ ನಿಂತದ್ದು ಎಷ್ಟು ಸಲ ಎಂದು ಎಣಿಸಿದರೆ ಟ್ರ್ಯಾಕ್ಟರಿನ ಬೆನ್ನು ಹತ್ತುವುದರಿಂದ ಹಕ್ಕಿಗೆ ಏನು ಲಾಭ ಎಂಬ ಪ್ರಶ್ನೆಗೆ ಉತ್ತರ ಅಂಕಿಯಲ್ಲೇ ಸಿಗುತ್ತದೆ.

ಈ ಭಾಗದ ನಾಯಕ ಮಾತ್ರ ಗೀಜಗವೇ. ಕಾಲುವೆ ದಂಡೆಯ ಜಾಲಿ, ಈಚಲು, ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ಮುಂಗಾರಿನೊಡನೆ ಗೂಡು ತೂಗತೊಡಗುತ್ತವೆ. ಗೂಡು ಕಟ್ಟುವುದು ಗಂಡು. ಭತ್ತದ ಗರಿ ಅಥವಾ ಹುಲ್ಲಿನೆಲೆಯ ಅಂಚಿಗೆ ಕೊಕ್ಕಿನಿಂದ ಕಚ್ಚು ಹಾಕಿ, ಹಾರುತ್ತಲೇ ಉದ್ದಕ್ಕೆ ಸೀಳಿ ಒಯ್ಯುತ್ತದೆ. ಮೊದಲು ಉಂಗುರದಂಥ ಬಳೆ, ಆಮೇಲೆ ಮಗುಚಿದ ಟೊಪ್ಪಿಗೆಯಂಥ ಅರೆಗೂಡು. ಅಲ್ಲಿಗೆ ಗಂಡು ಕೆಲಸ ನಿಲ್ಲಿಸಿ, ರೆಕ್ಕೆ ಬಡಿದು ಕೂಗುತ್ತ ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣುಗಳು ಬಂದು ಅರೆಗೂಡುಗಳನ್ನು ಎಳೆದು, ಕೆದಕಿ ನೋಡಿ ಒಂದನ್ನು ಒಪ್ಪಿಕೊಂಡರೆ ಮಾತ್ರ ಮುಂದಿನ ಕೊಳವೆ, ಬಾಗಿಲು. ಒಪ್ಪದ ಅರೆಗೂಡುಗಳು ಹಾಗೆಯೇ ಒಣಗಿ ತೂಗಾಡುತ್ತವೆ. ಪೂರ್ತಿ ಗೂಡಿಗೆ ಸುಮಾರು 18 ದಿನ ಬೇಕು. ಒಂದು ಹೆಣ್ಣು ಮೊಟ್ಟೆಗೆ ಕೂತೊಡನೆ ಅದೇ ಗಂಡು ಪಕ್ಕದಲ್ಲಿ ಎರಡನೆಯ ಗೂಡಿಗೆ ಕೈಹಾಕಿ ಎರಡನೆಯ ಹೆಣ್ಣನ್ನು ಕರೆಯುತ್ತದೆ. ಈ ಸಂಸಾರದ ಗುಟ್ಟನ್ನು ಬಿಡಿಸಿ 1931ರಲ್ಲಿ ಬರೆದವರು ಸಲೀಂ ಅಲಿ. 1960ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ಕ್ರೂಕ್ ಇದೇ ಹಕ್ಕಿಯ ಜೋಡಿಯಾಟ, ಬೆದರಿಕೆಯ ಭಂಗಿಗಳನ್ನು ಇನ್ನಷ್ಟು ವಿವರವಾಗಿ ದಾಖಲಿಸಿದ.

ಗೂಡಿನೊಳಗೆ ಹಸಿಮಣ್ಣಿನ ಉಂಡೆ ಮೆತ್ತುವ ಗೀಜಗದ ಚಾಳಿಗೆ ಜನ ಚಂದದ ಕಾರಣ ಕೊಡುತ್ತಾರೆ: ಮಿಣುಕುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳಲಿಕ್ಕಂತೆ. ಕೇಳಲು ಸೊಗಸು, ಆದರೆ ಹುಳ ಅಂಟಿಸಿದ್ದನ್ನು ಬಿಡದೆ ನೋಡಿ ಬರೆದ ಟಿಪ್ಪಣಿ ಬೇಕಲ್ಲ! ಮಣ್ಣು ಮೆತ್ತುವುದು ಮಾತ್ರ ಖರೆ, ಅದೂ ಬಹುಮಟ್ಟಿಗೆ ಅರೆಗೂಡಿನ ಹಂತದಲ್ಲಿ. ಕಾಲುವೆ ಕೆಳಗಿನ ಗೀಜಗಕ್ಕೆ ಹಸಿ ಗರಿ ಯಾವಾಗಲೂ ಕೈಗೆಟಕುತ್ತದೆ, ಕುಷ್ಟಗಿಯ ಒಣಬಾವಿಯ ಗೀಜಗ ಮಳೆಯ ದಾರಿ ಕಾಯಬೇಕು. ಎರಡೂ ಕಡೆ ಮೊದಲ ಬಳೆ ಬಿದ್ದ ದಿನವನ್ನು ಕೆಲವು ವರ್ಷ ಬರೆದಿಟ್ಟರೆ ಹಕ್ಕಿ ಪಂಚಾಂಗ ನೋಡುತ್ತದೋ ಮೋಡ ನೋಡುತ್ತದೋ ನೀರು ನೋಡುತ್ತದೋ ಎಂಬುದು ಬಯಲಾಗುತ್ತದೆ.

ಎರಿ ಮತ್ತು ಮಸಾರಿ: ಒಣನೆಲದ ಹಕ್ಕಿಗಳು

ಕುಷ್ಟಗಿ, ಯಲಬುರ್ಗಾಗಳಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು; ಅದೂ ಕೈಕೊಡುವುದೇ ಹೆಚ್ಚು. ಹಕ್ಕಿ ನೋಡಲು ಬಂದವರು ಹಸಿರು ಹುಡುಕಿ ಈ ಬಯಲನ್ನು ದಾಟಿಹೋಗುತ್ತಾರೆ. ನಡವಳಿಕೆ ನೋಡುವವರಿಗೆ ಮಾತ್ರ ಇಲ್ಲಿಯೇ ಹೆಚ್ಚು ಫಸಲು, ಏಕೆಂದರೆ ಮರೆಯಿಲ್ಲದ ನೆಲದಲ್ಲಿ ಹಕ್ಕಿಯ ಕೆಲಸವೆಲ್ಲ ಕಣ್ಣೆದುರೇ ನಡೆಯುತ್ತದೆ.

ಟಿಟ್ಟಿಭವನ್ನು ನೋಡಿ. ಹೊಲದ ಹರಳಿನ ನಡುವೆ ಒಂದಿಷ್ಟು ಕೆದಕಿ, ಹರಳಿನದೇ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ನೀರಿನ ಆಸರೆಯಲ್ಲಿ ಕೆಂಪು ಟಿಟ್ಟಿಭ, ಒಣ ಮಸಾರಿಯಲ್ಲಿ ಹಳದಿ ಟಿಟ್ಟಿಭ. ಹಳದಿಯದು ಮಳೆಗಾಲಕ್ಕೆ ಮುಂಚಿನ ಬಿರುಬೇಸಿಗೆಯಲ್ಲೇ ಗೂಡು ಹೂಡುವ ಹಟ. ಜಯಕರ್ ಮತ್ತು ಸ್ಪರ್ವೇ ಇದನ್ನು ಒಣಗಾಲದ ಬಾಣಂತಿಯೆಂದೇ ಗುರುತಿಸಿದರು. ಏಪ್ರಿಲ್ ನಡುಹಗಲು ಮೊಟ್ಟೆಗೆ ಬೇಕಾದದ್ದು ಕಾವಲ್ಲ, ನೆರಳು. ಹಕ್ಕಿ ರೆಕ್ಕೆ ಸಡಿಲಿಸಿ ನಿಂತು ನೆರಳು ಕೊಡುತ್ತದೆ; ದೂರದ ನೀರಿಗೆ ಹೋಗಿ ಹೊಟ್ಟೆಯ ಗರಿ ತೊಯ್ಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ದನವೋ ನಾಯಿಯೋ ಹತ್ತಿರ ಬಂದರೆ ರೆಕ್ಕೆ ಮುರಿದಂತೆ ನಟಿಸಿ ದಾರಿ ತಪ್ಪಿಸುವುದೂ ಉಂಟು. ನಾಯಿಗೊಂದು ಬಗೆ, ಮೇಯುವ ಎಮ್ಮೆಗೊಂದು ಬಗೆ, ಮನುಷ್ಯನಿಗೊಂದು ಬಗೆ ಆಟ ಹೂಡುತ್ತದೆಯೆ ಎಂಬುದು ಹಗಲೆಲ್ಲ ಹೊಲದಲ್ಲಿರುವ ಕುರಿಗಾಹಿಗೆ ಸಲೀಸಾಗಿ ದಕ್ಕುವ ವಿಷಯ.

ಹೊಟ್ಟೆಯ ಗರಿಯಲ್ಲಿ ನೀರು ಹೊರುವ ವಿದ್ಯೆಯಲ್ಲಿ ಟಿಟ್ಟಿಭವನ್ನೂ ಮೀರಿಸಿದ್ದು ಮರಳುಗೌಜಲ. ಪಾರಿವಾಳದಷ್ಟಿರುವ, ಮಣ್ಣಿನಲ್ಲಿ ಮಣ್ಣಾಗಿ ಕೂರುವ ಇದು ಒಣಬೀಜ ತಿಂದು, ಹೊತ್ತು ಏರುತ್ತಿದ್ದಂತೆ ಗುಂಪಾಗಿ ಹೊಂಡ, ಕೆರೆಗಳಿಗೆ ನೀರಿಗೆ ಬರುತ್ತದೆ. ಗಂಡು ನೀರಿನಲ್ಲಿ ಹೊಟ್ಟೆ ಅದ್ದಿ, ಗರಿ ಹೀರಿದ ನೀರನ್ನು ಹೊತ್ತು ಹಾರಿ, ಮರಿಗಳಿಗೆ ಆ ಗರಿಗಳನ್ನು ಚೀಪಿಸುತ್ತದೆ. ಇಂಗ್ಲೆಂಡಿನ ಮೀಡ್-ವಾಲ್ಡೊ ತನ್ನ ಪಂಜರದ ಹಕ್ಕಿಗಳಲ್ಲಿ ಇದನ್ನು ಕಂಡು 1896ರಲ್ಲಿ ಬರೆದಾಗ ದೊಡ್ಡ ದೊಡ್ಡ ಪಂಡಿತರು ನಂಬಲಿಲ್ಲ. ಆಫ್ರಿಕದ ಕಲಹಾರಿಯಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಬಯಲಿನ ಹಕ್ಕಿಗಳನ್ನೇ ನೋಡಿ, ಗರಿಯ ರಚನೆಯನ್ನೂ ಪರೀಕ್ಷಿಸಿ 1967ರಲ್ಲಿ ಪ್ರಕಟಿಸುವವರೆಗೆ, ಎಪ್ಪತ್ತು ವರ್ಷ, ಅದು ಕಟ್ಟುಕತೆಯ ಲೆಕ್ಕದಲ್ಲಿತ್ತು. ಒಬ್ಬನ ನೇರ ಟಿಪ್ಪಣಿ ಎಷ್ಟು ಕಾಲ ಕಾಯಬೇಕಾದೀತು ಎಂಬುದಕ್ಕೆ ಪಕ್ಷಿಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಿಂಗಾರಿ ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ಹೊಲದ ಹಕ್ಕಿವೀಕ್ಷಕರು ರೈತರೇ. ಮಂಚಿಗೆಯ ಮೇಲೆ ನಿಂತು ಕವಣೆ ಬೀಸುತ್ತ, ತಗಡಿನ ಡಬ್ಬಿ ಬಡಿಯುತ್ತ ಹಕ್ಕಿ ಕಾಯುವವರಿಗೆ ಗುಲಾಬಿ ಕಬ್ಬಕ್ಕಿಯ ಹಿಂಡು ಯಾವ ದಿಕ್ಕಿನಿಂದ ಏರಿಬರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಯಾವ ಮರದಲ್ಲಿ ಇರುಳು ಕಳೆಯುತ್ತದೆ ಎಂಬುದು ಕಂಠಪಾಠ. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿಮಾಡಿ ಆಗಸ್ಟಿನಿಂದ ಇತ್ತ ಬರತೊಡಗುವ ಈ ಹಕ್ಕಿ ಏಪ್ರಿಲ್ ಹೊತ್ತಿಗೆ ಹಿಂದಿರುಗುತ್ತದೆ. ಅಲ್ಲಿ ಅದು ಮಿಡತೆಗಳ ಪಾಲಿನ ಯಮ, ಇಲ್ಲಿ ತೆನೆಗಳ್ಳ. ಇಲ್ಲಿಯೂ ಮಿಡತೆ ತಿನ್ನುತ್ತದೆ, ಮುತ್ತುಗ, ಬೂರಗ ಹೂಬಿಟ್ಟಾಗ ಮಕರಂದಕ್ಕೆ ಮುಖವೆಲ್ಲ ಪರಾಗ ಮೆತ್ತಿಕೊಳ್ಳುತ್ತದೆ. ರೈತ ಸಿಟ್ಟಿನಿಂದ ನೋಡುತ್ತಾನೆ, ವೀಕ್ಷಕ ಮೆಚ್ಚುಗೆಯಿಂದ. ಟಿಪ್ಪಣಿಗೆ ರೈತನ ನೋಟವೇ ಹೆಚ್ಚು ಪ್ರಯೋಜನದ್ದು, ಅವನದು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದ ನೋಟ.

ರೈತರ ಮಾತನ್ನು ದಾಖಲೆಗೆ ತರುವವರು ಒಂದು ಲೆಕ್ಕ ಕಲಿತಿರಬೇಕು. ಅವರ ಕಾಲಮಾನ ಮಳೆ ನಕ್ಷತ್ರದ್ದು. ಮೃಗಶಿರಾ ಮಳೆಯಾಗ ಕೂಗ್ತಿತ್ತು ಎಂದರೆ ಜೂನ್ 8ರ ಸುಮಾರಿನಿಂದ ಎರಡು ವಾರ. ಆರಿದ್ರಾ ಎಂದರೆ ಜೂನ್ 22ರಿಂದಾಚೆ. ಸ್ವಾತಿ ಎಂದರೆ ಅಕ್ಟೋಬರ್ ಕೊನೆಯ ವಾರದಿಂದ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನದ ಅವಧಿ. ಚಾತಕದ ಮೊದಲ ಕೂಗು, ಗೀಜಗದ ಮೊದಲ ಬಳೆ, ಕಬ್ಬಕ್ಕಿಯ ಮೊದಲ ಹಿಂಡು ಇವನ್ನು ಹಿರಿಯರ ನೆನಪಿನಿಂದ ಬರೆದುಕೊಳ್ಳಲು ಇದು ತಿಂಗಳ ಹೆಸರಿಗಿಂತ ನಿಖರ. ವಲಸೆ ಹಕ್ಕಿಗಳ ಬರುವು ಹೋಗುವುಗಳನ್ನು ಜನರಿಂದಲೇ ಕೂಡಿಹಾಕುವ ಮೈಗ್ರಂಟ್‌ವಾಚ್ ಯೋಜನೆಯನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ 2007ರಲ್ಲಿ ಆರಂಭಿಸಿದಾಗ ಕೇಳಿದ್ದೂ ಇಂಥದೇ ಪ್ರಶ್ನೆ: ಮೊದಲು ಕಂಡ ದಿನ ಯಾವುದು?

ಚಳಿಗಾಲದ ಹುಲ್ಲುಬಯಲಿಗೆ ಬರುವ ಹ್ಯಾರಿಯರ್ ಗಿಡುಗಗಳಲ್ಲಿ ಒಂದಕ್ಕೆ ಇಂಗ್ಲಿಷ್ ಸೇನಾಧಿಕಾರಿ ಜಾರ್ಜ್ ಮಾಂಟಗುವಿನ ಹೆಸರಿದೆ. ಅದು ಪ್ರತ್ಯೇಕ ಜಾತಿಯೆಂದು 1802ರಲ್ಲಿ ಬಿಡಿಸಿ ಹೇಳಿದವನು ಅವನು. ಬ್ರಿಟನ್ನಿನಲ್ಲಿ ಮರಿಮಾಡುತ್ತಿದ್ದ ಕೆಲವೇ ಜೋಡಿಗಳು ಚಳಿಗೆ ಪಶ್ಚಿಮ ಆಫ್ರಿಕಕ್ಕೆ ಹೋಗುತ್ತಿದ್ದವು, ನಮ್ಮಲ್ಲಿಗೆ ಬರುವವು ಕಜಾಕಸ್ತಾನದ ಕಡೆಯವು. ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ತೇಲುತ್ತ ಮಿಡತೆ ಬೇಟೆಯಾಡಿ, ಸಂಜೆ ಹಲವು ಒಟ್ಟಾಗಿ ಹುಲ್ಲಿನಲ್ಲಿ ನೆಲದ ಮೇಲೇ ಮಲಗುತ್ತವೆ. ಬೆಳಿಗ್ಗೆ ಅವು ಎದ್ದುಹೋದ ಮೇಲೆ ಉಗುಳಿದ ಉಂಡೆಗಳನ್ನು ಬಿಡಿಸಿದರೆ ಹಿಂದಿನ ದಿನದ ಊಟದ ಲೆಕ್ಕ ಸಿಗುತ್ತದೆ. ಗಂಗಾವತಿ ಕಡೆಯ ಬಂಕಾಪುರದಲ್ಲಿ ತೋಳಗಳಿಗಾಗಿ ಮೀಸಲಿಟ್ಟ ಕುರುಚಲು ಬಯಲು ಇಂಥ ಹುಲ್ಲುಹಕ್ಕಿಗಳಿಗೂ ನೆಲೆ. ಇದೇ ಎರಿಬಯಲಿನ ದೊಡ್ಡ ಹಕ್ಕಿ ಎರೆಭೂತ ಹೊಳೆಯಾಚೆ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದುಕೊಂಡಿದೆ.

ಬಂಡೆಗುಡ್ಡ

ಆನೆಗೊಂದಿ, ಹಂಪಿ, ದರೋಜಿಗಳ ಬಂಡೆಗಾಡಿಗೆ ವಿಶೇಷವಾದದ್ದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವಿಜ್ಞಾನಕ್ಕೆ ಇದನ್ನು ಪರಿಚಯಿಸಿದ್ದು ಜೆರ್ಡನ್ ಎಂಬ ಸೇನಾವೈದ್ಯ, 1845ರಲ್ಲಿ. ನಾಚಿಕೆಯ ಹಕ್ಕಿ, ಗುಂಡುಗಳ ಸಂದಿಯ ಅತ್ತಿ, ಗೋಣಿ ಮರಗಳಿಗೆ ಹಣ್ಣಾದಾಗ ಬರುತ್ತದೆ. ಹಣ್ಣಿನ ಮರ ಗುರುತಿಟ್ಟು ದೂರ ಕೂತರೆ ಸಾಕು. ಅವಸರ ಮಾಡಿ ಗುಡ್ಡ ಸುತ್ತುವವರಿಗೆ ಕಾಣುವುದು ಕಡಿಮೆ.

ಕೊಂಬಿನ ಗೂಬೆ ಬಂಡೆಯ ಅಂಚಿನಲ್ಲೇ ಮೊಟ್ಟೆಯಿಡುತ್ತದೆ. ಗೂಗಿ ಎಂದರೆ ಅಪಶಕುನ ಎಂಬ ನಂಬಿಕೆ ಇಲ್ಲಿಯೂ ಗಟ್ಟಿ. ನಸುಕಿನಲ್ಲಿ ಹಾಲಕ್ಕಿ ನುಡಿಯಿತೆಂದು ಮನೆ ಮುಂದೆ ನಿಂತು ಹೇಳುವ ಬುಡುಬುಡಿಕೆಯವರ ಹಾಲಕ್ಕಿಯೂ ಒಂದು ಚಿಕ್ಕ ಗೂಬೆಯೆಂದು ಹೇಳುತ್ತಾರೆ. ಶಕುನ ಕೇಳುವುದೂ ಒಂದು ಬಗೆಯ ವೀಕ್ಷಣೆಯೇ, ಆದರೆ ಅಲ್ಲಿ ಹಕ್ಕಿಯ ಕೂಗಿಗೆ ಅರ್ಥ ಕೇಳುವವನ ಬದುಕಿನಿಂದ ಬರುತ್ತದೆ. ಕೊಂಬಿನ ಗೂಬೆಯ ಬಂಡೆಯ ಕೆಳಗೆ ಬಿದ್ದ ಉಂಡೆಗಳಲ್ಲಿ ಇಲಿ, ಹೆಗ್ಗಣದ ಎಲುಬು ಎಣಿಸಿದ ರೈತ ಅದನ್ನು ಓಡಿಸಲು ಹೋಗುವುದಿಲ್ಲ.

ಕೆರೆ, ಹೊಳೆ, ಹಿನ್ನೀರು

ತುಂಗಭದ್ರೆಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ತೆರೆಯುವ ಕೆಸರು ದಿಬ್ಬಗಳಲ್ಲಿ ರಾಜಹಂಸ, ಚಳಿಗಾಲದಲ್ಲಿ ಚಕ್ರವಾಕ ಕಾಣಸಿಗುತ್ತವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದರಿಂದ ನಡುಗಡ್ಡೆಗಳಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ನದಿ ರೀವಗಳಿಗೂ ಒಂದಿಷ್ಟು ಆಸರೆಯಾಯಿತು. ಕುಷ್ಟಗಿಯ ಬಳಿಯ ನಿಡಶೇಸಿ ಕೆರೆಯ ಹೂಳನ್ನು 2019ರಲ್ಲಿ ಊರವರೇ ಸೇರಿ ಎತ್ತಿಸಿದರು. ಇಂಥ ಕೆರೆಗಳಲ್ಲಿ ಗುಳುಮುಳುಕ ತೇಲುಗೂಡು ಕಟ್ಟಿ, ಎದ್ದುಹೋಗುವಾಗ ಮೊಟ್ಟೆಗಳ ಮೇಲೆ ಪಾಚಿ ಎಳೆದು ಮುಚ್ಚುವುದನ್ನು ದಂಡೆಯಿಂದಲೇ ನೋಡಬಹುದು. ಹಕ್ಸ್‌ಲಿಯ ಹಕ್ಕಿಯ ಹತ್ತಿರದ ನೆಂಟ ಇದು.

ನೆರೆಯ ಜಿಲ್ಲೆಗಳ ಎರಡು ಕೆರೆಗಳು, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ, 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದವು. ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನಲ್ಲಿ ತೂಕಡಿಸಿ, ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಮೇವಿಗೆ ಏಳುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಈ ಜಾತಿಯ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಿ ಬರೆದುಕೊಳ್ಳುವಷ್ಟು ಒಳ್ಳೆಯ ದುರ್ಬೀನು ಇದ್ದರೆ ಹಿಮಾಲಯ ದಾಟಿದ ಒಂದು ನಿರ್ದಿಷ್ಟ ಹಕ್ಕಿಯ ಪಯಣ ದಾಖಲೆಯಾಗುತ್ತದೆ.

ದಾಖಲಿಸುವ ಬಗೆ

ನಡವಳಿಕೆ ಅಳೆಯುವ ಕ್ರಮಗಳನ್ನು ಜೀನ್ ಆಲ್ಟ್‌ಮನ್ 1974ರಲ್ಲಿ ಒಂದು ಪ್ರಬಂಧದಲ್ಲಿ ಓರಣಗೊಳಿಸಿದರು. ಆಕೆ ನೋಡುತ್ತಿದ್ದದ್ದು ಆಫ್ರಿಕದ ಬಬೂನ್ ಮಂಗಗಳನ್ನು, ಕ್ರಮ ಮಾತ್ರ ಎಲ್ಲ ಪ್ರಾಣಿಗಳಿಗೂ ಹೊಂದಿತು. ಎರಡು ದಾರಿ ಮುಖ್ಯ. ಒಂದು ಹಕ್ಕಿಯನ್ನೇ ಆರಿಸಿಕೊಂಡು ಗೊತ್ತಾದ ಹೊತ್ತಿನವರೆಗೆ ಅದು ಮಾಡಿದ್ದೆಲ್ಲ ಬರೆಯುವುದು. ಇಲ್ಲವೆ ಐದೈದು ನಿಮಿಷಕ್ಕೊಮ್ಮೆ ಇಡೀ ಹಿಂಡಿನ ಮೇಲೆ ಕಣ್ಣಾಡಿಸಿ ಮೇಯುವವು ಎಷ್ಟು, ಕಾವಲಿಗೆ ತಲೆಯೆತ್ತಿದವು ಎಷ್ಟು ಎಂದು ಎಣಿಸುವುದು. ಕಂಡ ಕಂಡ ಸ್ವಾರಸ್ಯವನ್ನಷ್ಟೇ ಬರೆದರೆ ಹಕ್ಕಿ ದಿನವೆಲ್ಲ ಜಗಳವಾಡುತ್ತದೆಂಬ ಭ್ರಮೆ ಹುಟ್ಟುತ್ತದೆ. ಸುಮ್ಮನೆ ಕೂತದ್ದೂ ನಡವಳಿಕೆಯೇ, ಅದನ್ನೂ ಬರೆಯಬೇಕು.

ಟಿಪ್ಪಣಿಯಲ್ಲಿ ಕಂಡದ್ದು ಒಂದು ಕಡೆ, ಅನಿಸಿದ್ದು ಇನ್ನೊಂದು ಕಡೆ ಇರಲಿ. ಗಂಡು ಸಿಟ್ಟಿಗೆದ್ದಿತು ಎಂಬುದು ಅನಿಸಿಕೆ. ತಲೆ ತಗ್ಗಿಸಿ, ಬೆನ್ನಿನ ಗರಿ ಕೆದರಿ ಎದುರಿನದರ ಕಡೆಗೆ ಓಡಿತು ಎಂಬುದು ಕಂಡದ್ದು. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳು ಹೆಸರಿಡಲು, ಗುರುತಿಸಲು ಬಹಳ ಜನರಿಗೆ ದಾರಿಯಾದವು. ಭಂಗಿ, ಚಲನೆಗಳನ್ನು ಬಣ್ಣಿಸಲು ಬೇಕಾದ ಮಾತುಗಳು ಮಾತ್ರ ಹಳ್ಳಿಯ ಬಾಯಲ್ಲೇ ಧಾರಾಳವಾಗಿವೆ. ಎರಗು, ಕೊಸರು, ಕೆದರು, ಹೊಂಚು, ಗುಟುರು ಎಂಬ ಒಂದೊಂದು ಪದವೂ ಒಂದೊಂದು ಚಲನೆಯನ್ನು ಖಚಿತವಾಗಿ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ತಡಕಾಡಿ ಬರೆದ ಅರೆಬರೆ ವಾಕ್ಯಕ್ಕಿಂತ ಯಲಬುರ್ಗಾದ ಮಾತಿನಲ್ಲಿ ಬರೆದ ನೇರ ವಾಕ್ಯವೇ ಮೇಲು.

ಮೊಬೈಲಿನ ಕ್ಯಾಮೆರಾ ಬಂದ ಮೇಲೆ ಚಿತ್ರಗಳಿಗೆ ಬರವಿಲ್ಲ. ಆದರೆ ಚಿತ್ರ ಒಂದು ಕ್ಷಣದ್ದು. ಗೂಡಿಗೆ ಎಷ್ಟು ಸಲ ಮೇವು ಬಂತೆಂದು ಅದು ಹೇಳಲಾರದು. ಅಮೆರಿಕದ ಕಾರ್ನೆಲ್‌ನಲ್ಲಿ 2002ರಲ್ಲಿ ಶುರುವಾದ ಇ-ಬರ್ಡ್ ಜಾಲದಲ್ಲಿ ಈಗ ಭಾರತದಾದ್ಯಂತ ಜನ ಹಕ್ಕಿಪಟ್ಟಿ ಸೇರಿಸುತ್ತಾರೆ. ಗೂಡಿನ ಸಾಮಗ್ರಿ ಒಯ್ಯುತ್ತಿದೆ, ಮರಿಗೆ ಮೇವು ತರುತ್ತಿದೆ ಎಂಬಂಥ ಸಂಕೇತಗಳನ್ನು ಪಟ್ಟಿಯ ಜೊತೆಗೇ ಗುರುತು ಹಾಕುವ ಅನುಕೂಲ ಅದರಲ್ಲಿದೆ. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ಇಂಥ ಪಟ್ಟಿಗಳ ಆಧಾರದ ಮೇಲೆಯೇ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗುತ್ತಿರುವುದರಿಂದ ಅದರ ಸಂರಕ್ಷಣಾ ಸ್ಥಾನಮಾನವನ್ನು ಮರುಪರಿಶೀಲಿಸಬೇಕೆಂದು ಸೂಚಿಸಿತು. ತಂತಿಯ ಮೇಲೆ ಕೂತು ಹೊಲಕ್ಕೆ ಎರಗುವ ಹಕ್ಕಿ ಅದು; ಎರಗಿದ್ದೆಷ್ಟು, ಹುಳ ಸಿಕ್ಕದ್ದೆಷ್ಟು ಎಂದು ಔಷಧ ಹೊಡೆದ ಹೊಲದಲ್ಲೂ ಹೊಡೆಯದ ಹೊಲದಲ್ಲೂ ಎಣಿಸುವುದು ಯಾವ ಕಾಲೇಜು ಹುಡುಗರಿಗೂ ಆಗುವ ಕೆಲಸ.

ಕಟ್ಟುಪಾಡುಗಳು ಕೆಲವಿವೆ. ವನ್ಯಜೀವಿ ಸಂರಕ್ಷಣಾ ಕಾಯಿದೆ (1972) ಪ್ರಕಾರ ಗೂಡು, ಮೊಟ್ಟೆ ಮುಟ್ಟುವುದು ಅಪರಾಧ. ಉಂಗುರ ತೊಡಿಸಲು ಅನುಮತಿ, ತರಬೇತಿ ಎರಡೂ ಬೇಕು. ಧ್ವನಿಮುದ್ರಿತ ಕೂಗು ನುಡಿಸಿ ಹಕ್ಕಿಯನ್ನು ಕರೆದರೆ ಅದು ಎದುರಾಳಿ ಬಂದನೆಂದು ಬಗೆದು ಮೊಟ್ಟೆ ಬಿಟ್ಟು ಬರುತ್ತದೆ. ಆಗ ನೋಡಿದ್ದು ವೀಕ್ಷಕ ಹುಟ್ಟಿಸಿದ ನಡವಳಿಕೆಯಾಗುತ್ತದೆ. ಬೇಸಿಗೆಯಲ್ಲಿ ಟಿಟ್ಟಿಭದ ಗೂಡಿನ ಬಳಿ ನಡುಹಗಲು ನಿಲ್ಲಲೇಬಾರದು, ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತದೆ. ಅಪರೂಪದ ಹಕ್ಕಿಯ ಗೂಡಿನ ಜಾಗವನ್ನು ದಾಖಲೆಯಲ್ಲಿ ಊರಿನ ಹೆಸರಿಗೆ ನಿಲ್ಲಿಸಿ, ಹೊಲದ ಗುರುತು ಬರೆಯದಿರುವುದು ರೂಢಿ.